ಹರವಿಯ ಹಳೆಯ ನೀರು

ಪ್ರೀತಿಯ ಅವ್ವನಿಗೆ,

ಆಫ್ರಿಕಾದ ಮಲಾವಿಯ ಹಳ್ಳಿಯಿಂದ ಸುಗುಣಾಳ ನಮಸ್ಕಾರ. ದೇವರ ದಯೆಯಿಂದ ನಾವು ಗಂಡ ಹೆಂಡತಿ ಇಬ್ಬರೂ ಆರಾಮ ಇದ್ದೇವೆ.

ಸುವಾರ್ತೆ ಸಾರಲು ಬಂದವಳು ಮೊದಲ ವಾರವೇ ಮಾನ ಕಳೆದುಕೊಂಡೆ. ನಾವು ಇಳಿದುಕೊಂಡಿರುವ ಮನೆಯ ಎಸ್ನಾತಕ್ಕ ಒಂದು ಬೆಳಿಗ್ಗೆ ತಲೆಯ ಮೇಲೆ ಕೊಡ ಹೊತ್ತು ಬರುತ್ತಿದ್ದರು. ನಮ್ಮ ಬೆಟಗೇರಿಯಲ್ಲಿ ವಾರಕ್ಕೊಮ್ಮೆ ನಳ ಬಂದಾಗ ಮಾಡುವ ಹಾಗೆ, ಹೊಸ ನೀರು ಬಂತೆಂದು ಅವರ ದೊಡ್ಡ ಮಣ್ಣಿನ ಹರವಿಯಲ್ಲಿದ್ದ ಹಳೆಯ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿ, ಹರವಿ ತೊಳೆದಿಟ್ಟೆ. ಅದು ಅವರು ಹಿಂದಿನ ಸಂಜೆ ನಾಲ್ಕು ಸಲ ಹೊಳೆಗೆ ನಡೆದು ತುಂಬಿಸಿದ್ದ ನೀರು!

"ಏನ್ ಮಾಡಿದಿ ಇದು? ಇಲ್ಲೆ ಹಳೇದು ಹೊಸಾದು ಅಂತ ಇಲ್ಲ, ನೀರಂದ್ರ ನೀರು!" ಎಂದು ನಿನ್ನ ಅಳಿಯ ಇಸಾಕ ಹಣೆ ಬಡಿದುಕೊಂಡರು.

ಎಸ್ನಾತಕ್ಕ ಬೈಯಲಿಲ್ಲ. ತಂದ ಕೊಡವನ್ನು ಹರವಿಗೆ ಸುರಿದು ಮತ್ತೆ ಹೊಳೆಗೆ ಹೊರಟರು. ನಾನೂ ಒಂದು ಕೊಡ ಹಿಡಿದು ಹಿಂದೆಯೇ ಹೋದೆ. ತಿರುಗಿ ಬಂದ ಮೇಲೆ ಅವರು ಮೊದಲ ಲೋಟ ನೀರು ಕೊಟ್ಟದ್ದು ನನಗೇ.

ಕೊಡ ಹೊತ್ತು ಕತ್ತು ಹಿಡಿದುಕೊಂಡಿದೆ, ನೀನು ಕಟ್ಟಿಕೊಟ್ಟ ಮುಲಾಮು ಹಚ್ಚಿದ್ದೇನೆ, ಚಿಂತೆ ಬೇಡ. ಊರಲ್ಲಿ ನಳ ತಡವಾಯಿತೆಂದು ಓಣಿಯಲ್ಲಿ ನಿಂತು ಎಷ್ಟು ಕೂಗಾಡಿದ್ದೇನೆ! ಮನೆಬಾಗಿಲಿಗೇ ಬಂದು ಬೀಳುವ ನೀರಿಗೆ ಒಂದು ದಿನವೂ ದೇವರಿಗೆ ಸ್ತೋತ್ರ ಹೇಳಿರಲಿಲ್ಲ.

ಅಂಚೆ ಒಯ್ಯುವ ಜೀಪು ಹಾರ್ನ್ ಹೊಡೆಯುತ್ತಿದೆ. ಈ ಸಲ ನಳ ಬಂದರೆ ಹಳೆಯ ನೀರು ಚೆಲ್ಲಬೇಡ ಅವ್ವ. ಅದರಲ್ಲೇ ಒಂದು ಲೋಟ ಕುಡಿದು, ನನ್ನ ಪರವಾಗಿ ಸ್ತೋತ್ರ ಹೇಳು.

ನಿನ್ನ ಸುಗುಣಾ