ಫೋನಿನಲ್ಲಿ ತರಿಸಿದ ಹುಲ್ಲು

ಮನೆಯಿಂದ,
ಭಾನುವಾರ ಸಂಜೆ

ಪ್ರೀತಿಯ ಯಜಮಾನರಿಗೆ,

ಅಲ್ಲಿಯ ಊಟ ನಿಮ್ಮ ಹೊಟ್ಟೆಗೆ ಒಗ್ಗಿತೇ? ಸೊಂಟನೋವು ಹೇಗಿದೆ? ಇಲ್ಲಿ ನಾನೂ ನಿಮ್ಮ ತಮ್ಮನೂ ಮೂಗು ಮುಚ್ಚಿಕೊಂಡು ಬದುಕಿದ್ದೇವೆ. ಅಂಗಳಕ್ಕೆ ಹಾಸಲೆಂದು ನೀವು ಅಲ್ಲಿಂದಲೇ ಫೋನಿನಲ್ಲಿ ಆರ್ಡರ್ ಮಾಡಿದ ಹುಲ್ಲಿನ ಪ್ರತಾಪ ಅದು.

ಲಾರಿಯವನು ಚಾಪೆಯ ಹಾಗೆ ಸುತ್ತಿದ ಹುಲ್ಲನ್ನು ಗೇಟಿನ ಬಳಿ ಒಟ್ಟಿ, "ಮನೆ ಮಾರ್ತಿದ್ದೀರಾ ಅಮ್ಮಾ? ಮಾರೋರೇ ಹೀಗೆ ಅವಸರಕ್ಕೆ ಹಾಕಿಸೋದು" ಎಂದ. ನಮ್ಮ ಮನೆ ನಾವ್ಯಾಕಪ್ಪ ಮಾರೋಣ ಅಂತ ಅವನ ಬಾಯಿ ಮುಚ್ಚಿಸಿದೆ. ಇವತ್ತೇ ಹಾಸಿಬಿಡಿ ಎಂದು ಬಡಕೊಂಡು ಹೋದ. ಇಲ್ಲಿ ನೆಲವನ್ನೇ ಅಗೆದಿರಲಿಲ್ಲ! ನಿಮ್ಮ ತಮ್ಮ ಮಹಾ ಬುದ್ಧಿವಂತ, ಹುಲ್ಲು ಒಣಗಬಾರದೆಂದು ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿಟ್ಟ.

ಎರಡು ದಿನ ಅಗೆದೆವು. ಥೂ, ಅದೇನು ಅಂಗಳವೋ ತಿಪ್ಪೆಯೋ! ಮನೆ ಕಟ್ಟಿದವರು ಹೂತಿಟ್ಟು ಹೋದ ಸಿಮೆಂಟಿನ ಗಟ್ಟಿ, ಕಿತ್ತ ಚಪ್ಪಲಿ, ಕೊಳೆತ ಗೋಣಿ, ಯಾರದೋ ಹಲ್ಲುಜ್ಜುವ ಬ್ರಷ್ಷು. ನಡುವೆ ನಮ್ಮ ಬಚ್ಚಲಿನ ನೀಲಿ ಟೈಲಿನ ಚೂರು. ಆ ಬಣ್ಣಕ್ಕಾಗಿ ಅಂಗಡಿಯಲ್ಲೇ ಜಗಳವಾಡಿದ್ದು ನೆನಪಿದೆಯೇ? ಅದೊಂದನ್ನು ತೊಳೆದು ಕಿಟಕಿಯಲ್ಲಿ ಇಟ್ಟಿದ್ದೇನೆ. ಗೊಬ್ಬರ ಬೆರೆಸಿ, ನೆಲ ಮಟ್ಟ ಮಾಡಿ, ನೀರು ಚಿಮುಕಿಸಿ ಟಾರ್ಪಾಲು ತೆಗೆದರೆ ಮುಖಕ್ಕೇ ಬಿಸಿ ಹಬೆ! ನಡುವಿನ ಸುರುಳಿಗಳೆಲ್ಲ ಬೆಂದು, ಹಳದಿಯಾಗಿ, ಲೋಳೆ ಲೋಳೆ. ವಾರಗಟ್ಟಲೆ ನೆನೆಹಾಕಿ ಮರೆತ ಬಟ್ಟೆಯ ನಾತವೂ ಇದಕ್ಕಿಂತ ವಾಸಿ. ನಿಮ್ಮ ತಮ್ಮ ಗೇಟು ಹಿಡಿದು ವಾಂತಿ ಮಾಡಿದ. ಮಾಡಲಿ, ಅವನದೇ ಕೈಚಳಕ! ಕೆಟ್ಟದ್ದನ್ನು ಹಿತ್ತಲಿಗೆ ಎಸೆದೆವು, ಈಗ ಅಡುಗೆಮನೆಗೆ ಅದರದೇ ಗಾಳಿ. ಉಳಿದದ್ದನ್ನು ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ, ಒತ್ತೊತ್ತಾಗಿ ನಾನೇ ಕೂತು ಹಾಸಿದೆ. ಎರಡು ವಾರದಿಂದ ಬೈದುಕೊಂಡೇ ನೀರು ಹಾಕುತ್ತಿದ್ದೇನೆ.

ಮಾತ್ರೆ ಮರೆಯಬೇಡಿ, ಬಿಸಿಲಲ್ಲಿ ಅಲೆಯಬೇಡಿ.

ಇಂತು,
ಕೈ ತೊಳೆದೂ ತೊಳೆದೂ ಸಾಕಾದ
ನಿಮ್ಮವಳು

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ಯಾರೋ ಗಂಡ ಹೆಂಡತಿ ಬಂದರು. ಹುಲ್ಲಿನ ಮೇಲೆ ಬೂಟುಗಾಲಲ್ಲೇ ಓಡಾಡಿ, "ನಿಮ್ಮೆಜಮಾನ್ರು ಕಳಿಸಿದ ಫೋಟೋದಲ್ಲಿ ಅಂಗಳ ಬೋಳಾಗಿತ್ತು, ಈಗ ಪರವಾಗಿಲ್ಲ. ಯಾವಾಗ ಖಾಲಿ ಮಾಡ್ತೀರಿ?" ಎಂದು ನನ್ನನ್ನೇ ಕೇಳಿದರು. ಹೇಸಿಗೆ ಅಂದರೆ ಇದು ರೀ, ಆ ನಾತ ಏನೇನೂ ಅಲ್ಲ. ಅವರು ಹೋದ ಮೇಲೆ ಹುಲ್ಲಿನ ಅಂಚು ಹಿಡಿದು ಎಳೆದು ನೋಡಿದೆ. ಬೇರು ಬಿಟ್ಟಿದೆ, ಏಳಲಿಲ್ಲ. ನಾನೂ ಏಳುವುದಿಲ್ಲ.