ಎಬ್ಬಿಸಿದ್ದು ನನ್ನದನ್ನ, ಎದ್ದಿದ್ದು ಮಾವನವರದು

ರೀ,

ಎಬ್ಬಿಸಿದೆ, ಹೂಂ ಅಂದು ಮಗ್ಗುಲು ಬದಲಾಯಿಸಿದಿರಿ. ಅದಕ್ಕೇ ಈ ಚೀಟಿ.

ನಾನು ಪ್ರೆಸ್ಸಿಂದ ಕಮಾಂಡ್ ಹೊಡೆದು ಮನೇಲಿರೋ ನನ್ನ ಕಂಪ್ಯೂಟರನ್ನ ಆನ್ ಮಾಡ್ತೀನಲ್ಲ, ಈ ವಾರ ಅದು ಏಳ್ತಾನೇ ಇಲ್ಲ. ಪರದೆ ಮೇಲೆ "ಕಳಿಸಿದೆ" ಅಂತ ಬರುತ್ತೆ, ಯಾರು ಎದ್ದರು ಅಂತ ಬರಲ್ಲ. ಕಮಾಂಡಲ್ಲಿ ಹಾಕೋ ನನ್ನ ಕಂಪ್ಯೂಟರಿನ ನಂಬರೂ ಸರಿಯಾಗೇ ಇದೆ. ತಲೆ ಕೆಟ್ಟು ಹೋಯ್ತು.

ನಿನ್ನೆ ಮಾವನವರು ಮೆಲ್ಲಗೆ ಕೇಳಿದರು: "ನಾನು ಆಫ್ ಮಾಡಿರ್ತೀನಮ್ಮ, ಮಧ್ಯಾಹ್ನ ನೋಡಿದರೆ ನನ್ನ ಕಂಪ್ಯೂಟರ್ ಆನ್ ಆಗಿರುತ್ತೆ. ನಂಗೆ ಮರೆವು ಶುರುವಾಯ್ತೇನೋ. ಡಾಕ್ಟರ ಹತ್ತಿರ ಹೋಗೋಣವಾ?"

ಭಾನುವಾರ ಧೂಳು ತೆಗೀತೀನಿ ಅಂತ ನನ್ನದು, ಮಾವನವರದು ಎರಡೂ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಹರಡಿಕೊಂಡಿದ್ದಿರಿ. ನನ್ನ ನೆಟ್‌ವರ್ಕ್ ಕಾರ್ಡನ್ನ ಅವರದಕ್ಕೆ ಸಿಕ್ಕಿಸಿಬಿಟ್ಟಿರಾ? ನಂಬರು ಇರೋದು ಆ ಕಾರ್ಡಿಗೆ, ಅದು ಯಾವ ಪೆಟ್ಟಿಗೇಲಿ ಕೂತಿದೆಯೋ ಆ ಪೆಟ್ಟಿಗೆ ಏಳುತ್ತೆ. ಹಾಗೇನಾ, ಇನ್ನೇನಾದ್ರೂನಾ? ನಂಗಂತೂ ಬೇರೆ ಕಾರಣ ಹೊಳೀತಿಲ್ಲ.

ಕಾರ್ಡು ಆಮೇಲೆ ನೋಡಿಕೊಳ್ಳಿ. ಎದ್ದ ತಕ್ಷಣ ಮಾವನವರ ಹತ್ತಿರ ಹೋಗಿ, ಮರೆವು ಅವರದಲ್ಲ, ನಿಮ್ಮದು ಅಂತ ಹೇಳಿ. ನಾನು ಹೇಳಿದರೆ ಸಮಾಧಾನಕ್ಕೆ ಹೇಳ್ತಾಳೆ ಅಂದುಕೊಳ್ತಾರೆ. ಪಾಪ, ಬೆಳಗ್ಗೆ ಎದ್ದಾಗಿಂದ ತಮ್ಮ ಕಂಪ್ಯೂಟರಿನ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡ್ಕೊಂಡು ಕೂತಿದ್ದಾರೆ.