ಬದುವಿನಾಚೆ ಹೋದ ಸಿಗಡಿಗಳು

ಲುವಾ,

ಭತ್ತ ಬಂತು ಕಣೇ! ಇಡೀ ಕಾ ಮಾವ್ ಪ್ರಾಂತ್ಯವೇ ಬಂದು ನೋಡಬೇಕು, ಹಾಗೆ ಬಂದಿದೆ! ಬೇಸಿಗೆಯೆಲ್ಲ ಕಡಲ ನೀರು ನಿಂತು ಸಿಗಡಿ ಬೆಳೆದ ಅದೇ ಗದ್ದೆಯಲ್ಲಿ, ಮಳೆ ಉಪ್ಪನ್ನು ತೊಳೆದ ಮೇಲೆ, ಚೀಲದ ಗೊಬ್ಬರವಿಲ್ಲದೆ, ಹುಳದ ಔಷಧಿಯಿಲ್ಲದೆ, ಸೊಂಟದೆತ್ತರ!

ಉಪ್ಪು ಇಳಿಯಿತೇ ಎಂದು ನಾನು ದಿನಾ ಗದ್ದೆಯ ನೀರನ್ನು ನಾಲಿಗೆಗೆ ಹಚ್ಚಿ ನೋಡುವಾಗ ನಿಮ್ಮತ್ತೆ, "ಏನೇ ಥಾಮ್, ನಾಟಿ ಮಾಡ್ತೀಯೋ, ಸಾರು ಮಾಡ್ತೀಯೋ?" ಎಂದು ನಗುತ್ತಿದ್ದರು. ಆದರೆ ಈ ವರ್ಷ ನಿಮ್ಮ ಗದ್ದೆಗೂ ಅವರು ಔಷಧಿ ಹೊಡೆಸಲಿಲ್ಲ.

ಇವತ್ತು ಕೊಯ್ಲಿನ ಕೊನೆಯ ದಿನ. ಕುಡುಗೋಲು ಹಾಕಿದಲ್ಲೆಲ್ಲ ಕಾಲಡಿಯಿಂದ, ಭತ್ತದ ಜೊತೆ ಬಿಟ್ಟಿದ್ದ ಸಿಹಿನೀರಿನ ಸಿಗಡಿ ಚಿಮ್ಮುತ್ತಿದ್ದವು. ಅಷ್ಟರಲ್ಲಿ ನಿಮ್ಮತ್ತೆ ಗುದ್ದಲಿ ತಂದು ನಮ್ಮಿಬ್ಬರ ಗದ್ದೆಗಳ ನಡುವಿನ ಬದುವನ್ನು ಕಡಿದೇಬಿಟ್ಟರು. ನಿನ್ನ ಔಷಧಿಯ ನೀರು ನುಗ್ಗಿ ನನ್ನ ಸಿಗಡಿಯೆಲ್ಲ ಸತ್ತ ವರ್ಷ ನಾನು ಮಣ್ಣು ತುಂಬಿ ಮುಚ್ಚಿದ್ದೆನಲ್ಲ, ಅದೇ ಕಂಡಿ.

"ಜಗಳ ನಿಮ್ಮಿಬ್ಬರದ್ದು. ನೀರಿಗೇನಂತೆ?" ಎಂದರು.

ಸಿಗಡಿಗಳು ನಿಮ್ಮ ಕಡೆಗೆ ದೌಡು! "ಬಲೆ ಒಡ್ಡೇ, ಎಲ್ಲಾ ಹೋಗ್ತಾ ಇವೆ!" ಎಂದು ನನ್ನ ಗಂಡ ಕಿರುಚಿದ. ಬಲೆ ನನ್ನ ಕೈಯಲ್ಲೇ ಇತ್ತು. ಒಡ್ಡಲಿಲ್ಲ. ಹುಚ್ಚಿಯ ಹಾಗೆ ನಗುತ್ತಾ ನಿಂತಿದ್ದೆ.

ಸಂಜೆ ನಿಮ್ಮತ್ತೆ ಅವನ್ನೇ ಹಿಡಿದು ಬೇಯಿಸಿದರು. ಹೊಸಕ್ಕಿಯ ಅನ್ನದ ಜೊತೆ ನಿನ್ನ ಫೋಟೋದ ಮುಂದಿಟ್ಟು ಊದುಬತ್ತಿ ಹಚ್ಚಿದರು. ಬಟ್ಟಲನ್ನು ನಾನು ಮತ್ತೆ ಕೆಳಗಿಳಿಸಿ, ಸಿಗಡಿಯ ಸಿಪ್ಪೆ ಬಿಡಿಸಿ ಇಟ್ಟೆ. ಸಿಪ್ಪೆ ಬಿಡಿಸುವುದೆಂದರೆ ನಿನಗೆ ಯಾವಾಗಲೂ ಬೇಜಾರು.